ನಿಮ್ಮ ಸಂಸ್ಥೆಯಲ್ಲಿ ಬಾಸ್ ಅಂತ ಯಾರೂ ಇರಲ್ಲ, ಅಲ್ವಾ?

ನಾನು ಕೆಲವು ವರ್ಷ ಎನ್‌ಜಿಒ ಒಂದರಲ್ಲಿದ್ದೆ ಎಂದು ಗೊತ್ತಾದರೆ ಸಾಕು, ಜನ ಇದನ್ನೇ ಕೇಳುತ್ತಾರೆ. 'ಎಲ್ಲರೂ ಅಣ್ಣ, ಅಕ್ಕ ಅಂತಲೇ ಕರೀತೀರಂತೆ. ಬಾಸ್ ಕಾಟ ಇಲ್ಲ ಬಿಡಿ!'

ಕಾಟ ಇದೆ. ಬಾಗಿಲಿಗೆ ಬೋರ್ಡು ಇಲ್ಲ, ಅಷ್ಟೆ. ಕಂಪನಿಯಲ್ಲಿ ಬಾಸ್ ಭಾನುವಾರ ಕರೆದರೆ ಮನೆಯವರ ಮುಂದೆ ಬೈದುಕೊಂಡಾದರೂ ಹೋಗಬಹುದು. ನಮ್ಮಲ್ಲಿ ಅದಕ್ಕೂ ದಾರಿಯಿಲ್ಲ. ಸಂಸ್ಥೆ ಕಟ್ಟಿದ ಅಣ್ಣ ಯಾರ ಮೇಲೂ ದನಿ ಏರಿಸಿದವರಲ್ಲ. 'ಮಕ್ಕಳು ಕಾಯ್ತಿರ್ತಾರಲ್ಲಮ್ಮಾ' ಎನ್ನುತ್ತಿದ್ದರು. ಜ್ವರ ಇದ್ದರೂ ನಾನು ಬಸ್ ಹತ್ತುತ್ತಿದ್ದೆ. ಆಗಲ್ಲ ಎಂದರೆ ಅಣ್ಣನಿಗಲ್ಲ, ಆ ಮಕ್ಕಳಿಗೇ ಆಗಲ್ಲ ಎಂದ ಹಾಗೆ ಅನಿಸುತ್ತಿತ್ತು. ಅವರಿಗೆ ಇದು ಗೊತ್ತಿತ್ತಾ? ಗೊತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

'ಸೇವೆ' ಎಂಬ ಮಾತಿಗೆ ಈ ಶಕ್ತಿ ಇದೆ. ಅಂಗನವಾಡಿಯವರನ್ನೇ ನೋಡಿ. ಯೋಜನೆ ಶುರುವಾದದ್ದು 1975ರಲ್ಲಿ. ಕಾರ್ಯಕರ್ತೆಯರಿಗೆ ಕೊಡುವುದಕ್ಕೆ ಇವತ್ತಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಗೌರವ ಕೊಟ್ಟವರ ಹತ್ತಿರ ಚೌಕಾಸಿ ಮಾಡುವುದು ಹೇಗೆ? ಅವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು, ಅದೂ 2022ರಲ್ಲಿ.

ಇನ್ನು ದುಡ್ಡು ಕೊಡುವವರು. ಅವರು ಆಫೀಸಿಗೆ ಬರುವುದು ವರ್ಷಕ್ಕೊಮ್ಮೆ, ಆದರೆ ದಿನಾ ನಮ್ಮ ಜೊತೆಗೇ ಇರುತ್ತಾರೆ. ಅವರ ಫಾರ್ಮಿನಲ್ಲಿ ಕಾಲಂ ಇದ್ದರೆ ಅದು ಕೆಲಸ, ಇಲ್ಲದಿದ್ದರೆ ಸುಮ್ನೆ ಓಡಾಟ. ಅವರ ಮೇಲೆ ಸರ್ಕಾರ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಶೇ. 50ರವರೆಗೆ ಖರ್ಚು ಮಾಡಬಹುದಿತ್ತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಲ್ಲಿ ಅದು ಶೇ. 20ಕ್ಕೆ ಇಳಿಯಿತು. ಆ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವುದೂ ನಿಂತಿತು. ದೊಡ್ಡ ಸಂಸ್ಥೆಗಳ ಕೈ ನೋಡುತ್ತಿದ್ದ ಸಣ್ಣವರಿಗೆ ಇದು ಜಾಸ್ತಿ ತಟ್ಟಿತು.

ಹೀಗಿರುವಾಗ ಇಂಗ್ಲಿಷಿನಲ್ಲಿ ಪ್ರಪೋಸಲ್ ಬರೆಯಬಲ್ಲವರ ಮಾತಿಗೆ ತೂಕ ಬರದೆ ಇರುತ್ತದೆಯೇ? ಆ ತೂಕ ನನಗೂ ಸಿಕ್ಕಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಹದಿನೈದು ವರ್ಷ ಹಳ್ಳಿ ಸುತ್ತಿದ ಅಕ್ಕ ಮೀಟಿಂಗಿನಲ್ಲಿ ಬಾಯಿ ಬಿಡುವ ಮೊದಲೇ ನನ್ನ ಪವರ್‌ಪಾಯಿಂಟ್ ಶುರುವಾಗಿರುತ್ತಿತ್ತು. (ಅಕೌಂಟೆಂಟ್ ಬೇರೆಯೇ ಸಾಮ್ರಾಜ್ಯ. ಆಟೋದವನ ಹತ್ತಿರ ವೋಚರಿಗೆ ಸಹಿ ಹಾಕಿಸಿಕೊಂಡು ಬಾ ಎಂದರೆ ಅಣ್ಣನೂ ತಲೆಯಾಡಿಸುತ್ತಿದ್ದರು.)

ಆ ಅಕ್ಕ ಏನೂ ಇಲ್ಲದವರು ಅಂದುಕೊಳ್ಳಬೇಡಿ. ದುಡ್ಡು ಕೊಟ್ಟವರು ಹಳ್ಳಿ ನೋಡಲು ಬಂದ ದಿನ ಜೀಪಿನ ಮುಂದಿನ ಸೀಟು ಅವರದು. ಯಾವ ಮನೆ ಮುಂದೆ ನಿಲ್ಲಿಸಬೇಕು, ಯಾವ ಓಣಿಗೆ ಹೋಗಲೇಬಾರದು, ಎಲ್ಲ ಅವರೇ ಹೇಳುತ್ತಿದ್ದರು. ಹೆಂಗಸರು ಗಳಗಳ ಅಂತ ಹೇಳಿಕೊಂಡದ್ದು ಅಕ್ಕನ ಬಾಯಿಂದ ನಾಲ್ಕೇ ಮಾತಾಗಿ ಬರುತ್ತಿತ್ತು. ನಾನು ಆ ನಾಲ್ಕನ್ನು ಇಂಗ್ಲಿಷ್ ಮಾಡುತ್ತಿದ್ದೆ. ಉಳಿದದ್ದು ಏನು ಎಂದು ಒಮ್ಮೆ ಕೇಳಿದ್ದಕ್ಕೆ, 'ನಿಮ್ಮ ರಿಪೋರ್ಟಿಗೆ ಇಷ್ಟು ಸಾಕು ಬಿಡಿ ಮೇಡಂ' ಅಂದರು.