ಸೆಂಚೂರಿಯನ್ನಿನ ಋಣ

ಮಲ್ಪೆ ಕಡೆಯ ನಮ್ಮ ಕ್ರಿಕೆಟ್ ಕ್ಲಬ್ಬಿನವರು ಹೊನಲು ಬೆಳಕಿನ ಪಂದ್ಯಾಟಕ್ಕೆ ಮೀಟಿಂಗ್ ಕೂತಿದ್ದೆವು. ಮೊದಲ ಬಹುಮಾನದ ಹಣ ಕೊಡುವ ದೊಡ್ಡ ತಂಡವೊಂದು, ಕಾಪು ಕಡೆಯ ಒಂದು ಸಣ್ಣ ತಂಡವನ್ನು ಈ ಸಲ ಕರೆಯಬೇಡಿ ಅಂತ ಹೇಳಿ ಕಳಿಸಿತ್ತು. ಹೋದ ವರ್ಷ ಒಂದು ರನೌಟಿನ ವಿಷಯಕ್ಕೆ ಇಬ್ಬರಿಗೂ ಜಟಾಪಟಿ ಆಗಿತ್ತು.

"ಹಣ ಹಾಕುವವರ ಮಾತು ಕೇಳದೆ ಎಂತ ಮಾಡುವುದು ಮಾರಾಯ?" ಅಂದರು ನಮ್ಮ ಖಜಾಂಚಿ ಅಣ್ಣ. ಅವರದ್ದೂ ತಪ್ಪಲ್ಲ. ಲೈಟು, ಜನರೇಟರ್ ಬಾಡಿಗೆಯೆಲ್ಲ ಕೊನೆಗೆ ಅವರ ತಲೆಗೇ ಬರುವುದು.

ಆದರೆ ಆ ಕಾಪುವಿನ ಹುಡುಗರು ನಮಗೆ ಯಾರು? ಒಂದು ವರ್ಷ ಸೆಮಿಫೈನಲ್ ಹೊತ್ತಿಗೆ ಮಳೆ ಹೊಡೆದಾಗ, ಸೋತು ಮನೆಗೆ ಹೊರಟಿದ್ದವರು ಟೆಂಪೋ ತಿರುಗಿಸಿಕೊಂಡು ಬಂದಿದ್ದರು. ಬರಿಗಾಲಲ್ಲಿ ಓಡಾಡಿ ಪಿಚ್ಚಿಗೆ ಟರ್ಪಾಲು ಎಳೆದರು. ಗಾಳಿಗೆ ಹಾರಬಾರದು ಅಂತ ಸುತ್ತ ಕೆಂಪು ಕಲ್ಲು ಹೊತ್ತು ತಂದಿಟ್ಟರು. ಯಾರೂ ಅವರನ್ನು ಕರೆದಿರಲಿಲ್ಲ.

ನನಗೆ ದಕ್ಷಿಣ ಆಫ್ರಿಕಾದ ನೆನಪಾಯಿತು. ಹೇಳಿಯೇ ಬಿಟ್ಟೆ.

ವರ್ಣಭೇದದ ಕಾರಣಕ್ಕೆ ಎರಡು ದಶಕ ಹೊರಗಿದ್ದ ಆ ದೇಶ 1991ರ ನವೆಂಬರಿನಲ್ಲಿ ಮರಳಿ ಬಂದು ಆಡಿದ್ದು ನಮ್ಮ ಈಡನ್ ಗಾರ್ಡನ್ಸಿನಲ್ಲಿ. ಹತ್ತು ವರ್ಷದ ನಂತರ ನಮ್ಮ ಕಷ್ಟಕ್ಕೆ ಆಗುವ ಸರದಿ ಅವರದ್ದಾಯಿತು. 2001ರಲ್ಲಿ ಪೋರ್ಟ್ ಎಲಿಜಬೆತ್ ಟೆಸ್ಟಿನಲ್ಲಿ ರೆಫರಿ ಮೈಕ್ ಡೆನ್ನಿಸ್ ಸಚಿನ್ ಸೇರಿ ನಮ್ಮ ಆರು ಆಟಗಾರರಿಗೆ ಶಿಕ್ಷೆ ಹಾಕಿದರು. ಸೆಹ್ವಾಗ್‌ಗೆ ಒಂದು ಟೆಸ್ಟ್ ನಿಷೇಧ. ಡೆನ್ನಿಸ್ ಇದ್ದರೆ ಮುಂದಿನ ಟೆಸ್ಟ್ ಆಡುವುದಿಲ್ಲ ಅಂತ ನಮ್ಮ ಬೋರ್ಡಿನ ಅಧ್ಯಕ್ಷ ದಾಲ್ಮಿಯಾ ಪಟ್ಟು ಹಿಡಿದರು. ದಕ್ಷಿಣ ಆಫ್ರಿಕಾ ಬೋರ್ಡು ವಿಶ್ವ ಕ್ರಿಕೆಟ್ ನಡೆಸುವ ಐಸಿಸಿಯನ್ನೇ ಎದುರು ಹಾಕಿಕೊಂಡು ನಮ್ಮ ಜೊತೆ ನಿಂತಿತು. ಅಲ್ಲಿನ ಸೆಂಚೂರಿಯನ್ ಊರಿನಲ್ಲಿ ಡೆನ್ನಿಸ್ ಇಲ್ಲದೆ ಪಂದ್ಯ ನಡೆಯಿತು. ಐಸಿಸಿ ಅದಕ್ಕೆ ಟೆಸ್ಟ್ ಮಾನ್ಯತೆ ಕೊಡಲಿಲ್ಲ. ದಕ್ಷಿಣ ಆಫ್ರಿಕಾದವರು ಇನ್ನಿಂಗ್ಸ್ ಅಂತರದಲ್ಲಿ ಗೆದ್ದಿದ್ದರು. ಆ ಗೆಲುವು ದಾಖಲೆಗೇ ಸೇರಲಿಲ್ಲ.

"ಪ್ರೀತಿಗೆ ಮಾಡಿದ್ದಾ ಅದು? ನಮ್ಮವರು ವಾಪಸ್ ಬಂದಿದ್ದರೆ ಟಿವಿ ಹಣ ಹೋಗುತ್ತಿತ್ತಲ್ಲ" ಅಂದರು ಅಣ್ಣ. ಹೌದು, ಹಣದ ಹೆದರಿಕೆಯೂ ಇತ್ತು. ಹಾಗಂತ ಅವರು ಕಳೆದುಕೊಂಡದ್ದು ಸುಳ್ಳಾಗುತ್ತದಾ?

ನಾವು ತಿರುಗಿ ಕೊಟ್ಟದ್ದು ಎಂತ? 2013ರಲ್ಲಿ ನಮ್ಮ ತಂಡದ ಪ್ರವಾಸಕ್ಕೆ ಅವರು ಮೂರು ಟೆಸ್ಟ್, ಏಳು ಏಕದಿನ ಅಂತ ವೇಳಾಪಟ್ಟಿ ಹೊರಡಿಸಿದ್ದರು. ಅವರ ಹೊಸ ಸಿಇಒ ಹರೂನ್ ಲೋರ್ಗಟ್ ಮೇಲೆ ನಮ್ಮ ಬೋರ್ಡಿಗೆ ಮೊದಲೇ ಅಸಮಾಧಾನ. ಕೊನೆಗೆ ಉಳಿದದ್ದು ಎರಡು ಟೆಸ್ಟ್, ಮೂರು ಏಕದಿನ. ಕೇಪ್‌ಟೌನಿನ ಹೊಸ ವರ್ಷದ ಟೆಸ್ಟ್ ಆ ಸಲ ನಡೆಯಲೇ ಇಲ್ಲ. ಮರುವರ್ಷ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿ ಐಸಿಸಿಯ ಅಧಿಕಾರ, ಆದಾಯ ಎರಡರಲ್ಲೂ ದೊಡ್ಡ ಪಾಲು ಹಿಡಿಯಲು ಹೊರಟಾಗ ದಕ್ಷಿಣ ಆಫ್ರಿಕಾ ಮೊದಲು ಜೋರಾಗಿ ವಿರೋಧಿಸಿತು. 2014ರ ಫೆಬ್ರವರಿಯಲ್ಲಿ ಸಿಂಗಾಪುರದ ಸಭೆಗೆ ಬರುವಷ್ಟರಲ್ಲಿ ಪರವಾಗಿ ವೋಟು ಹಾಕಿತು. ಪಾಕಿಸ್ತಾನ, ಶ್ರೀಲಂಕಾ ಮಾತ್ರ ವೋಟು ಹಾಕದೆ ಉಳಿದವು. ನಾನು ಭಾರತ ಗೆದ್ದರೆ ಕುಣಿಯುವವನು. ಆದರೂ ಆ ಸುದ್ದಿ ಓದಿ ಹೊಟ್ಟೆ ಉರಿದಿತ್ತು. ಕಷ್ಟಕ್ಕೆ ಆದವರನ್ನು ಹಾಗೆ ಬಗ್ಗಿಸಬಾರದಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷರು, "ಕಾಪುವಿನವರ ಹೆಸರು ಬರೆಯಿರಿ. ದೊಡ್ಡವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ" ಅಂದರು. ಖಜಾಂಚಿ ಅಣ್ಣ ನಿಟ್ಟುಸಿರು ಬಿಟ್ಟು ಪಟ್ಟಿಗೆ ಸೇರಿಸಿದರು. ದೊಡ್ಡ ತಂಡ ಹಿಂದೆ ಸರಿದರೆ ಬಹುಮಾನದ ಮೊತ್ತ ಅರ್ಧ ಮಾಡುವುದು ಅಂತ ತೀರ್ಮಾನವಾಯಿತು. ಅವರಿಂದ ಇನ್ನೂ ಉತ್ತರ ಬಂದಿಲ್ಲ.