ಅದು ಪ್ರೀತಿನಾ, ದುಡ್ಡು ಕೊಟ್ಟು ಇಟ್ಟುಕೊಂಡಿದ್ದಾ? ಒಂದೇ ಸಲ ಉತ್ತರ ಹೇಳಿ ಮುಗಿಸ್ತೀನಿ

‘ಈಗೋಯಿಸ್ಟ್’ ಅನ್ನೋ ಜಪಾನಿ ಸಿನಿಮಾ ನೋಡಿ ಅಂತ ನಾನು ಕಂಡಕಂಡವರಿಗೆಲ್ಲ ಹೇಳಿದ್ದು ನಿಜ. ಅದಕ್ಕೆ ಶಿಕ್ಷೆ ಅನ್ನೋ ಹಾಗೆ ನೋಡಿದವರೆಲ್ಲ ಬಂದು ಅದೇ ಒಂದು ಪ್ರಶ್ನೆ ಕೇಳುತ್ತಾರೆ. "ಅವನು ಆ ಹುಡುಗನಿಗೆ ತಿಂಗಳು ತಿಂಗಳು ದುಡ್ಡು ಕೊಡ್ತಾನಲ್ಲ, ಅದು ನಿಸ್ವಾರ್ಥ ಪ್ರೀತಿ ಹೇಗಾಗುತ್ತೆ?"

ನಿಸ್ವಾರ್ಥ ಅಂತ ನಾನು ಯಾವತ್ತು ಹೇಳಿದೆ? ಸಿನಿಮಾ ಮಾಡಿದವರೂ ಹೇಳಿಲ್ಲ. ಪೋಸ್ಟರ್ ಮೇಲೇ ಈಗೋಯಿಸ್ಟ್, ಅಂದರೆ ಸ್ವಾರ್ಥಿ, ಅಂತ ಬರೆದು ಅಂಟಿಸಿದ್ದಾರೆ. ಆದರೂ ನಮ್ಮವರಿಗೆ ಅದು ಎದುರಾಳಿಯ ಗುಟ್ಟು ಹಿಡಿದಷ್ಟು ಖುಷಿ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಕೊನೆವರೆಗೂ ಹೇಳುತ್ತೇನೆ, ಬೇಡದವರು ಇಲ್ಲೇ ಎದ್ದು ಹೋಗಿ. ಕೋಸುಕೆ ಟೋಕಿಯೊದ ಒಂದು ಫ್ಯಾಷನ್ ಪತ್ರಿಕೆಯ ಸಂಪಾದಕ. ಹದಿನಾಲ್ಕು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವನು. ಒಳ್ಳೆ ಮನೆ, ದುಬಾರಿ ಬಟ್ಟೆ, ಕೈತುಂಬ ಸಂಬಳ. ರ್ಯೂತಾ ಅವನಿಗೆ ವ್ಯಾಯಾಮ ಹೇಳಿಕೊಡಲು ಬರುವ ಹುಡುಗ. ಅವನಿಗೆ ಕಾಯಿಲೆಯ ತಾಯಿ ಇದ್ದಾಳೆ, ಮನೆ ನಡೆಸಬೇಕು. ಇಬ್ಬರಿಗೂ ಪ್ರೀತಿಯಾಗುತ್ತದೆ. ಒಂದು ದಿನ ರ್ಯೂತಾ ಇದ್ದಕ್ಕಿದ್ದಂತೆ ಇನ್ನು ಭೇಟಿ ಬೇಡ ಅನ್ನುತ್ತಾನೆ. ಗಂಡಸರಿಗೆ ಮೈ ಮಾರಿ ತಾಯಿಯ ಔಷಧಿಗೆ ದುಡ್ಡು ಹೊಂದಿಸುತ್ತಿದ್ದಾನೆ. ಪ್ರೀತಿ ಶುರುವಾದ ಮೇಲೆ ಆ ಕೆಲಸ ಮಾಡೋಕಾಗ್ತಿಲ್ಲ. ಕೋಸುಕೆ ಅವನನ್ನು ಹುಡುಕಿ, ಗಿರಾಕಿಯ ಹಾಗೆಯೇ ಕರೆಸಿಕೊಂಡು, ತಿಂಗಳಿಗೆ ಒಂದು ಲಕ್ಷ ಯೆನ್ ನಾನು ಕೊಡ್ತೀನಿ, ಆ ಕೆಲಸ ಬಿಡು ಅನ್ನುತ್ತಾನೆ. ರ್ಯೂತಾ ಬಿಡುತ್ತಾನೆ. ಉಳಿದ ಖರ್ಚಿಗೆ ಹಗಲು ಕಸ ಸಾಗಿಸುವ ಕೆಲಸ, ರಾತ್ರಿ ಪಾತ್ರೆ ತೊಳೆಯುವ ಕೆಲಸ. ಒಂದು ಬೆಳಗ್ಗೆ ಅವನು ಹಾಸಿಗೆಯಿಂದ ಏಳುವುದೇ ಇಲ್ಲ.

2023ರ ಫೆಬ್ರವರಿಯಲ್ಲಿ ಜಪಾನಿನ ಚಿತ್ರಮಂದಿರಗಳಿಗೆ ಬಂದ ಸಿನಿಮಾ ಇದು. ದೈಶಿ ಮತ್ಸುನಾಗ ನಿರ್ದೇಶಕ. ಕೋಸುಕೆಯಾಗಿ ರ್ಯೋಹೇಯ್ ಸುಜುಕಿ, ರ್ಯೂತಾ ಆಗಿ ಹಿಯೊ ಮಿಯಾಜಾವಾ. ಮಿಯಾಜಾವಾಗೆ ಏಷ್ಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಪೋಷಕ ನಟ ಪ್ರಶಸ್ತಿ ಬಂತು. ಕಥೆ ಮಕೊತೊ ತಾಕಾಯಾಮಾ ತನ್ನ ಬದುಕಿನಿಂದಲೇ ತೆಗೆದು ಬರೆದ ಕಾದಂಬರಿಯದು. ಸಿನಿಮಾ ನೋಡೋಕೆ ಅವರಿರಲಿಲ್ಲ, 2020ರಲ್ಲೇ ತೀರಿಕೊಂಡರು.

ಈಗ ನಮ್ಮ ಭಾವನ ವಿಷಯಕ್ಕೆ ಬರ್ತೀನಿ. ಈ ಬರಹಕ್ಕೆ ಕಾರಣವೇ ಅವರು.

ಅಕ್ಕ, ಭಾವ ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಅಕ್ಕ ಏನಾದರೂ ಒಳ್ಳೆ ಸಿನಿಮಾ ಹಾಕು ಅಂದಳು, ಹಾಕಿದೆ. ಭಾವ ಬ್ಯಾಂಕ್ ಮ್ಯಾನೇಜರ್ ಆಗಿದ್ದು ರಿಟೈರ್ ಆದವರು. ಹಾಸಿಗೆಯ ದೃಶ್ಯಗಳು ಬಂದಾಗೆಲ್ಲ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಸಿನಿಮಾದ ಮೊದಲರ್ಧದಲ್ಲಿ ಅಂಥವು ಜಾಸ್ತಿ, ಹಾಗಾಗಿ ಆ ಕನ್ನಡಕ ಫಳಫಳ ಹೊಳೀತಿತ್ತು. ಒಂದು ಲಕ್ಷ ಯೆನ್ ಅಂದ ಕೂಡಲೇ ಮಾತ್ರ ನೆಟ್ಟಗೆ ಕೂತರು.

"ನಿಲ್ಸಮ್ಮಾ, ನಿಲ್ಸು. ಒಂದು ಲಕ್ಷ ಯೆನ್ ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟು?"

"ಆಗಿನ ಲೆಕ್ಕಕ್ಕೆ ಅರವತ್ತು ಸಾವಿರದ ಆಸುಪಾಸು, ಭಾವ."

"ಅರವತ್ತು ಸಾವಿರ! ಪಿ.ಎಫ್. ಹಿಡ್ಕೋತಾನಾ?"

ಅಕ್ಕ ನಕ್ಕಳು. ನನಗೂ ನಗು ಬಂತು. ಮೈಯೆಲ್ಲ ಉರಿದಿದ್ದು ಆಮೇಲೆ. "ಸಂಬಳ ಕೊಟ್ಟ ಹಾಗಾಯ್ತಲ್ಲಮ್ಮ. ಇದನ್ನ ಪ್ರೀತಿ ಅಂತಾರಾ ಅಲ್ಲಿ?" ಅಂತ ಕೇಳಿದರು. ಆ ‘ಅಲ್ಲಿ’ ಅನ್ನೋದರಲ್ಲಿ ಜಪಾನ್ ಒಂದೇ ಇರಲಿಲ್ಲ.

ರ್ಯೂತಾ ಹುಡುಗಿಯಾಗಿದ್ದಿದ್ದರೆ? ಬಡವರ ಮನೆ ಹುಡುಗಿ, ಕಾಯಿಲೆಯ ತಾಯಿ. ಒಳ್ಳೆ ಸಂಬಳದ ಗಂಡು ನೋಡಿ ಮೆಚ್ಚುತ್ತಾನೆ. ನೀನು ಆ ಕೆಲಸಕ್ಕೆ ಹೋಗೋದು ಬೇಡ, ನಿಮ್ಮಮ್ಮನ ಖರ್ಚು ನಾನು ನೋಡ್ಕೋತೀನಿ ಅನ್ನುತ್ತಾನೆ. ನಮ್ಮ ಭಾವ ಕಣ್ಣೊರೆಸಿಕೊಂಡು, ಇದ್ದರೆ ಇಂಥ ಅಳಿಯ ಇರಬೇಕು ಅನ್ನುತ್ತಿದ್ದರು. ಎಷ್ಟು ರೂಪಾಯಿ ಅಂತ ಕೇಳುತ್ತಿರಲಿಲ್ಲ. ಗಂಡ ಹೆಂಡತಿ ನಡುವೆ ದುಡ್ಡು ಓಡಾಡಿದರೆ ಅದು ಸಂಸಾರ. ಇಬ್ಬರು ಗಂಡಸರ ನಡುವೆ ಓಡಾಡಿದರೆ ವ್ಯವಹಾರ, ಅಲ್ವಾ?

ಅದಕ್ಕೆ ಕಾನೂನೂ ಸೇರಿಕೊಂಡಿದೆ. ಜಪಾನಿನಲ್ಲಿ ಇಬ್ಬರು ಗಂಡಸರು ಮದುವೆ ಆಗುವ ಹಾಗಿಲ್ಲ. ಟೋಕಿಯೊ ಆಡಳಿತ 2022ರ ನವೆಂಬರ್‌ನಿಂದ ಜೋಡಿಗಳಿಗೆ ಒಂದು ಪ್ರಮಾಣಪತ್ರ ಕೊಡುತ್ತಿದೆ, ಅದು ಮದುವೆಗೆ ಸಮ ಅಲ್ಲ. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು. 2023ರ ಅಕ್ಟೋಬರ್‌ನಲ್ಲಿ, ಮದುವೆಯ ಹಕ್ಕು ಕೊಡೋಕೆ ನಮ್ಮಿಂದಾಗಲ್ಲ, ಸಂಸತ್ತನ್ನು ಕೇಳಿ ಅಂದಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು ಅಂತ ಸ್ಪಷ್ಟಪಡಿಸಿತು. ಭಾವನಿಗೆ ಇದನ್ನು ಹೇಳಿದೆ. "ಹೌದಾ? ನಮ್ಮ ಕಾಲದಲ್ಲಿ ಅಂಥ ಫಾರಂ ಬಂದಿದ್ರೆ ಸಂಬಂಧ ಅನ್ನೋ ಕಡೆ ಸ್ನೇಹಿತ ಅಂತ ಬರೆಸಿ ತಗೋತಿದ್ವಿ" ಅಂದರು. ಅವರ ಮಟ್ಟಿಗೆ ಅದು ದೊಡ್ಡ ಉದಾರತೆ. ನಾನು ಸುಮ್ಮನಾದೆ.

ಸರಿ, ಪ್ರಶ್ನೆಗೆ ಉತ್ತರ. ಕೋಸುಕೆಯದು ನಿಸ್ವಾರ್ಥ ಅಲ್ಲ. ಅವನ ದುಡ್ಡಿಗೆ ಷರತ್ತು ಇದೆ. ನೀನು ನನ್ನವನಾಗಿ ಮಾತ್ರ ಇರು ಅನ್ನೋದು ಆ ಷರತ್ತು. ಹೆತ್ತ ತಾಯಿಗೆ ಏನೂ ಮಾಡಲಾಗದವನು ಇನ್ನೊಬ್ಬರ ತಾಯಿಗೆ ಮಾಡಿ ತೃಪ್ತಿ ಪಡ್ತಿದ್ದಾನೆ. ಕೊನೆಗೆ ಆ ಎರಡು ಪಾಳಿಯ ದುಡಿಮೆಗೆ ರ್ಯೂತಾನನ್ನು ತಳ್ಳಿದ್ದು ತನ್ನ ಹಠವೇ ಅಂತ ಅವನಿಗೂ ಅನ್ನಿಸುತ್ತದೆ. ಇಷ್ಟೆಲ್ಲ ಅವನಿಗೇ ಗೊತ್ತು. ನೀವು ಕಂಡುಹಿಡಿದು ಹೇಳಬೇಕಾಗಿಲ್ಲ.

ನನಗೆ ಬೇಜಾರು ಅಂದರೆ, ಎಲ್ಲರೂ ಕೊಟ್ಟವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ತಗೊಂಡವಳ ಬಗ್ಗೆ ಯಾರೂ ಕೇಳಲ್ಲ. ರ್ಯೂತಾನ ತಾಯಿ ಕೋಸುಕೆ ಕೊಟ್ಟ ದುಡ್ಡಿನ ಕವರ್ ಯಾಕೆ ತಗೊಂಡಳು? ಈ ಪ್ರಶ್ನೆ ಕೇಳಿ, ರಾತ್ರಿಯೆಲ್ಲ ಕೂತು ಮಾತಾಡ್ತೀನಿ.

ಮಗ ಸತ್ತಿದ್ದಾನೆ. ಅವರಿಬ್ಬರ ಪ್ರೀತಿಯ ವಿಷಯ ತಾಯಿಗೆ ಗೊತ್ತು. ಕ್ಷಮೆ ಕೇಳಿದ ಕೋಸುಕೆಗೆ ಅದೆಲ್ಲ ಬೇಡ ಅನ್ನುತ್ತಾಳೆ. ತಾಯಿಯ ಹೆಸರು ತಾಯೆಕೊ. ಕೋಸುಕೆ ಆಮೇಲೂ ಅವಳ ಪುಟ್ಟ ಮನೆಗೆ ಹೋಗುತ್ತಾನೆ, ಕವರ್‌ನಲ್ಲಿ ದುಡ್ಡಿಟ್ಟು ಮುಂದೆ ಸರಿಸುತ್ತಾನೆ. ಅವಳು ಹಿಂದಕ್ಕೆ ಸರಿಸುತ್ತಾಳೆ. ಅವನು ತಲೆ ಬಗ್ಗಿಸಿ ಬೇಡಿಕೊಳ್ಳುತ್ತಾನೆ. ದಯವಿಟ್ಟು ಗಮನಿಸಿ, ಬೇಡುತ್ತಿರೋನು ದುಡ್ಡಿರೋನು. ಕೊನೆಗೆ ಅವಳು ತಗೊಳ್ಳುತ್ತಾಳೆ. ನಮ್ಮ ಕಡೆ ಮುಯ್ಯಿ ತಗೊಳ್ಳುವಾಗ ಇದೆಲ್ಲ ಯಾಕೆ ಅನ್ನುತ್ತಲೇ ಕೈ ಚಾಚುತ್ತಾರಲ್ಲ, ಆ ನಾಟಕ ಅವಳಲ್ಲಿಲ್ಲ. ಇದನ್ನು ತೀರಿಸೋಕೆ ತನ್ನಿಂದಾಗಲ್ಲ ಅಂತ ಗೊತ್ತಿದ್ದೂ ತಗೊಳ್ಳುತ್ತಾಳೆ. ಬೇಡ ಅಂದಿದ್ದರೆ ಅವಳ ಮರ್ಯಾದೆ ಉಳೀತಿತ್ತು. ಕೋಸುಕೆಗೆ ಬರೋಕೆ ಒಂದು ಬಾಗಿಲು ಉಳೀತಿರಲಿಲ್ಲ. ಅಲ್ಲಿ ದೊಡ್ಡ ಮನಸ್ಸು ಯಾರದ್ದು?

ತಾಯೆಕೊ ಪಾತ್ರ ಮಾಡಿದ ಸವಾಕೊ ಅಗಾವಾ ಜಪಾನಿನಲ್ಲಿ ಲೇಖಕಿಯಾಗಿ, ಟಿ.ವಿ.ಯಲ್ಲಿ ಸಂದರ್ಶನ ಮಾಡುವವರಾಗಿ ಹೆಸರು ಮಾಡಿದವರು. ಇನ್ನೊಬ್ಬರ ಮಾತು ಕೇಳೋದೇ ಕಸುಬು. ಅದು ಇಲ್ಲಿ ಕಾಣುತ್ತದೆ. ಕೋಸುಕೆ ನನಗೆ ಪ್ರೀತಿ ಅಂದರೇನು ಅಂತಲೇ ಗೊತ್ತಿಲ್ಲ ಅಂದಾಗ ಅವಳು ಉಪದೇಶ ಮಾಡಲ್ಲ. ನಿನಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಪಡೆದ ನಮಗೆ ಅದು ಪ್ರೀತಿ ಅಂತ ಅನ್ನಿಸಿತು ಅನ್ನೋ ಅರ್ಥ ಬರುವ ಹಾಗೆ ಹೇಳುತ್ತಾಳೆ. ಸೊಪ್ಪು ಬಿಡಿಸುತ್ತಾ ಆಡುವಷ್ಟು ಸಲೀಸಾಗಿ. ಆಮೇಲೆ ಅವಳಿಗೆ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಇವರು ನಿಮ್ಮ ಮಗನಾ ಅಂತ ಕೇಳಿದಾಗ ಹೌದು ಅಂದುಬಿಡುತ್ತಾಳೆ. ನಾಮಿನಿ ಫಾರಂನಲ್ಲಿ ಬರೆಯಲಾಗದ್ದನ್ನು ಪಕ್ಕದ ಹಾಸಿಗೆಯವರಿಗೆ ಹೇಳಿದಳು.

ತಗೊಳ್ಳದೇ ಇರೋರ ಕಥೆ ನಮ್ಮ ಭಾವನ ಮನೆಯಲ್ಲೇ ಇದೆ. ಅವರ ತಾಯಿ ತೀರ್ಥಹಳ್ಳಿ ಹತ್ತಿರ ಒಬ್ಬರೇ ಇದ್ದಾರೆ. ಭಾವ ಪ್ರತಿ ತಿಂಗಳು ಅವರ ಖಾತೆಗೆ ದುಡ್ಡು ಹಾಕುತ್ತಾರೆ. ಹೋದ ವರ್ಷ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿದರೆ ಪುಟಪೂರ್ತಿ ಜಮಾ, ಒಂದು ರೂಪಾಯಿ ತೆಗೆದಿಲ್ಲ. ಭಾವ ಕೂಗಾಡಿದರು. ಅಮ್ಮ, "ನನಗೆ ಎಲೆಅಡಿಕೆ ಬಿಟ್ರೆ ಏನು ಖರ್ಚೋ, ನಿನ್ನದು ನಿನಗೇ ಇರ್ಲಿ" ಅಂದರಂತೆ. ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಕ್ಕ ಹೇಳಿದಳು. ಆ ದುಡ್ಡು ನಿಸ್ವಾರ್ಥವೇ, ಸ್ವಾರ್ಥವೇ ಅಂತ ನಾವ್ಯಾರೂ ಭಾವನನ್ನು ಕೇಳಲಿಲ್ಲ. ಕೇಳಿದ್ದರೆ ಮನೆಗೆ ಕಾಲಿಡೋಕೆ ಬಿಡುತ್ತಿರಲಿಲ್ಲ.

ಸಿನಿಮಾದ ಬಗ್ಗೆ ನನಗೂ ಜಗಳ ಇದೆ. ಇಬ್ಬರು ಗಂಡಸರು ಪ್ರೀತಿಸಿದರೆ ಒಬ್ಬನನ್ನು ಸಾಯಿಸಲೇಬೇಕಾ? ಇದು ನಡೆದ ಬದುಕಿನಿಂದ ಬಂದದ್ದು ಅಂತ ಗೊತ್ತು, ಆದರೂ ಈ ಸಾವುಗಳನ್ನು ನೋಡಿ ನೋಡಿ ಸುಸ್ತಾಗಿದೆ. ಪಾತ್ರಗಳ ಮುಖಕ್ಕೆ ಮುಖ ತಾಗಿಸಿದಂತೆ ಓಡಾಡುವ ಕ್ಯಾಮೆರಾ ಕೆಲವು ಕಡೆ ಉಸಿರು ಕಟ್ಟಿಸುತ್ತದೆ. ಆದರೆ ಎರಡನೇ ಅರ್ಧದಲ್ಲಿ ಅದೇ ಕ್ಯಾಮೆರಾ ತಾಯೆಕೊಳ ಊಟದ ಮೇಜಿನ ಮುಂದೆ ಕೂತಾಗ ಎಲ್ಲ ಮಾಫಿ.

ಇನ್ನೊಂದು ಪ್ರಶ್ನೆ ಬಾಕಿ ಇದೆ, "ಮನೆಯವರ ಜೊತೆ ಕೂತು ನೋಡಬಹುದಾ?" ಮಕ್ಕಳನ್ನು ಮಲಗಿಸಿ ನೋಡಿ. ದೊಡ್ಡವರು ಕನ್ನಡಕ ಒರೆಸಿಕೊಳ್ಳಲಿ. ಆದರೆ ರ್ಯೂತಾ ಸತ್ತ ಕೂಡಲೇ ಸಿನಿಮಾ ಮುಗೀತು ಅಂತ ಏಳಬೇಡಿ. ಎರಡು ಗಂಟೆಯ ಸಿನಿಮಾ, ಆ ಸಾವು ಬರೋದು ಹೆಚ್ಚುಕಡಿಮೆ ನಡುವಿಗೆ. ನಾನು ಹೇಳಿದ ತಾಯಿ, ಕವರ್ ಎಲ್ಲ ಇರೋದು ಅದರ ನಂತರ. ಭಾವ ಅಲ್ಲೇ ಎದ್ದು, "ಪಾಪ, ಹೋದ" ಅಂತ ಹೇಳಿ ಮಜ್ಜಿಗೆ ಅನ್ನ ಕಲಸಿಕೊಳ್ಳೋಕೆ ಹೋದರು.