ಸುಲೇಮಾನಿಯೆ: ಗುಮ್ಮಟದ ಭಾರ ಎಲ್ಲಿ ಇಳಿಯುತ್ತದೆ

ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿಗೆ ಹೋದವರು ನೇರ ಒಳಗೆ ನುಗ್ಗಬಾರದು. ಮೊದಲು ಪಕ್ಕದ ಗೋಡೆಗುಂಟ ನಡೆಯಬೇಕು. ನಾವು ಹೋದಾಗ ಮಧ್ಯಾಹ್ನದ ನಮಾಜು ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ. ಹಾಗಾಗಿ ಹೊರಸುತ್ತಿಗೆ ಸಮಯ ಸಿಕ್ಕಿತು. ಕೆಳಗೆ ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ನಲ್ಲಿಗಳ ಸಾಲು, ಮೇಲೆ ಎರಡು ಅಂತಸ್ತಿನ ಕಮಾನು ಮೊಗಸಾಲೆ. ನೋಡಿದರೆ ಬರೀ ಅಲಂಕಾರ ಅನಿಸುತ್ತದೆ. ಕಟ್ಟಡದ ಗುಟ್ಟು ಇರುವುದು ಅಲ್ಲೇ.

ಗುಮ್ಮಟದ ವ್ಯಾಸ ಸುಮಾರು 26.5 ಮೀಟರ್, ನೆಲದಿಂದ ಎತ್ತರ ಸುಮಾರು 53 ಮೀಟರ್. ಇಷ್ಟು ದೊಡ್ಡ ಗುಮ್ಮಟ ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ತನ್ನ ಬುಡವನ್ನು ಹೊರಕ್ಕೂ ತಳ್ಳುತ್ತದೆ. ಹಿಂದೆ ಮುಂದೆ ಇರುವ ಎರಡು ಅರೆಗುಮ್ಮಟಗಳು ಆ ಒತ್ತಡ ಹೊರುತ್ತವೆ. ಎಡಬಲಕ್ಕೆ ಆ ಆಸರೆ ಇಲ್ಲ, ಕಿಟಕಿ ತುಂಬಿದ ಗೋಡೆ ಮಾತ್ರ. ಇದಕ್ಕಿಂತ ಸಾವಿರ ವರ್ಷ ಮುಂಚೆ ಇದೇ ಊರಿನಲ್ಲಿ ಚರ್ಚಾಗಿ ಕಟ್ಟಿದ ಆಯಾ ಸೋಫಿಯಾದ ನಕ್ಷೆಯೂ ಇದೇ. ಅಲ್ಲಿ ಗೋಡೆಗಳು ಹೊರಕ್ಕೆ ವಾಲಿದವು, 558ರಲ್ಲಿ ಗುಮ್ಮಟವೇ ಕುಸಿಯಿತು, ಮುಂದೆ ಹೊರಗಿನಿಂದ ದೊಡ್ಡ ದೊಡ್ಡ ಆಸರೆಗೋಡೆ ಕಟ್ಟಬೇಕಾಯಿತು. ಸುಲೇಮಾನಿಯೆಯ ವಾಸ್ತುಶಿಲ್ಪಿ ಮಿಮಾರ್ ಸಿನಾನ್ 1550ರಲ್ಲಿ ಕೆಲಸ ಹಿಡಿದಾಗ ಆಸರೆಗೋಡೆಗಳನ್ನು ನಕ್ಷೆಯೊಳಗೇ ಸೇರಿಸಿದ. ಒಂದಷ್ಟು ಒಳಕ್ಕೆ, ಒಂದಷ್ಟು ಹೊರಕ್ಕೆ ಚಾಚಿಸಿ, ನಡುವಿನ ಸಂದುಗಳಲ್ಲಿ ಮೊಗಸಾಲೆ ಕೂರಿಸಿದ. ಭಾರ ಹೊರುವ ಗೋಡೆ ಕಣ್ಣಿಗೇ ಬೀಳುವುದಿಲ್ಲ. ಕೆಲಸ 1557ರಲ್ಲಿ ಮುಗಿಯಿತು.

ಮಿನಾರುಗಳು ನಾಲ್ಕು, ಅವುಗಳ ಸುತ್ತಲಿನ ಬಾಲ್ಕನಿಗಳು ಒಟ್ಟು ಹತ್ತು. ಮಸೀದಿ ಕಟ್ಟಿಸಿದ ಸುಲೇಮಾನ್ ಒಟ್ಟೊಮನ್ ವಂಶದ ಹತ್ತನೆಯ ಸುಲ್ತಾನ, ಅದಕ್ಕೇ ಹತ್ತು ಎನ್ನುತ್ತಾರೆ.

ಇಂಥ ಕಟ್ಟಡ ಕೆಡುವುದು ಹೆಚ್ಚಾಗಿ ನೀರಿನಿಂದ. ಕಲ್ಲುಗಳನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ತುಕ್ಕು ಹಿಡಿಯದಂತೆ ಸುತ್ತ ಕರಗಿಸಿದ ಸೀಸ ಹೊಯ್ಯುತ್ತಿದ್ದರು. ಸೀಸ ಬಿರಿದು ತೇವ ಒಳಗಿಳಿದರೆ ಕಬ್ಬಿಣ ತುಕ್ಕಿನಿಂದ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಗುಮ್ಮಟದ ಹೊದಿಕೆಯೂ ಸೀಸದ ತಗಡೇ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಅದರ ಮಡಿಕೆ ಬಿಟ್ಟುಕೊಂಡರೆ ಮೊದಲು ಹಾಳಾಗುವುದು ಒಳಗಿನ ಗಾರೆ, ಬಣ್ಣ. ನೀರಿನ ಕಾಟ ಸಾಲದೆಂಬಂತೆ 1660ರ ಬೆಂಕಿ, 1766ರ ಭೂಕಂಪ ಬೇರೆ. ಮೊದಲ ಮಹಾಯುದ್ಧದಲ್ಲಿ ಅಂಗಳವನ್ನು ಶಸ್ತ್ರಾಸ್ತ್ರದ ಉಗ್ರಾಣ ಮಾಡಿದ್ದರು; ಮದ್ದುಗುಂಡಿಗೆ ಕಿಡಿ ತಗುಲಿ ಮತ್ತೆ ಸುಟ್ಟಿತು.

ಆದ್ದರಿಂದ ಒಳಗೆ ತಲೆಯೆತ್ತಿ ನೋಡುವ ಬಣ್ಣಗಾರಿಕೆಯನ್ನೆಲ್ಲ ಸಿನಾನನ ಲೆಕ್ಕಕ್ಕೆ ಬರೆಯಬೇಡಿ. 19ನೇ ಶತಮಾನದ ದುರಸ್ತಿಯಲ್ಲಿ ಅದಕ್ಕೆ ಯುರೋಪಿನ ಬರೋಕ್ ಶೈಲಿ ಸೇರಿತು. ಮೂಲದ ಕೈಕೆಲಸ ಬೇಕಿದ್ದರೆ ಮೆಕ್ಕಾದ ದಿಕ್ಕು ತೋರುವ ಗೋಡೆಗೂಡಾದ ಮಿಹ್ರಾಬಿನ ಅಕ್ಕಪಕ್ಕದ, ಇಜ್ನಿಕ್ ಊರಿನ ಟೈಲ್ಸ್ ನೋಡಿ. ಅದರ ಕೆಂಪು ಬಣ್ಣ ಕಬ್ಬಿಣದ ಅಂಶವಿರುವ ಜೇಡಿಯದು, ದಪ್ಪಗೆ ಬಳಿಯಬೇಕು. ಹಾಗಾಗಿ ಬೆಳಕು ಓರೆಯಾಗಿ ಬಿದ್ದರೆ ನೀಲಿಗಿಂತ ಕೆಂಪು ತುಸು ಉಬ್ಬಿ ಕಾಣುತ್ತದೆ.